ಪಲ್ಲೆ ದವಾಖಾನೆಯ ಟ್ಯಾಬ್ ಮುಂದೆ ಕನ್ನಡದ ರೋಗಿ

ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೆಲವು ತಿಂಗಳ ಹಿಂದೆ ರಜಾ ಅರ್ಜಿ ತಂದುಕೊಟ್ಟಳು. ಅಜ್ಜಿಯನ್ನು ದವಾಖಾನೆಗೆ ಕರೆದೊಯ್ಯಬೇಕಾಗಿರುವುದರಿಂದ ಒಂದು ದಿನದ ರಜೆ ದಯಪಾಲಿಸಬೇಕೆಂದು, ನಾವೇ ಕಲಿಸಿದ ಒಕ್ಕಣೆಯಲ್ಲಿ, ಅಚ್ಚುಕಟ್ಟಾಗಿ ಬರೆದಿದ್ದಳು. ದವಾಖಾನೆ ಊರೊಳಗೇ ಇದೆ, ತಾಯಿ ಮನೆಯಲ್ಲಿದ್ದಾರೆ, ನೀನೇಕೆ ಹೋಗಬೇಕು ಎಂದು ಕೇಳಿದೆ. ‘ಅವ್ವಗ ತೆಲುಗು ಬರಂಗಿಲ್ಲ ಸರ್. ಅಪ್ಪ ಪುಣೆಕ ದುಡಿಯಾಕ ಹೋಗ್ಯಾನ. ಟ್ಯಾಬಿನಾಗ ಡಾಕ್ಟರ್ ಬರ್ತಾರ, ಅವರ ಕೂಡ ನಾನೇ ಮಾತಾಡಬೇಕು’ ಎಂದಳು.

ಮರುದಿನ ನಡೆದುದನ್ನು ಅವಳೇ ಹೇಳಿದಳು. ಅಜ್ಜಿ ‘ಭಾಳ ಆಯಾಸ ಆಗತೈತಿ’ ಎಂದಿದ್ದರು. ಹುಡುಗಿ ಆ ಪದಕ್ಕೆ ಒಂದು ಸೊನ್ನೆ ಸೇರಿಸಿ ‘ಆಯಾಸಂ’ ಎಂದು ತೆಲುಗಿಗೆ ದಾಟಿಸಿದಳು. ಕನ್ನಡದಲ್ಲಿ ಆಯಾಸವೆಂದರೆ ದಣಿವು. ತೆಲುಗಿನಲ್ಲಿ ಆಯಾಸಂ ಎಂದರೆ ಉಸಿರು ಹತ್ತುವುದು, ಏದುಸಿರು. ವಯಸ್ಸಾದ ಹೆಂಗಸಿಗೆ ಏದುಸಿರು ಎಂದು ತಿಳಿದ ಪರದೆಯ ವೈದ್ಯರು ಗಾಬರಿಗೊಂಡು, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ ಎಂದರು. ಅವರು ಕೇಳಿದ ಮಾತಿಗೆ ಅದು ಸರಿಯಾದ ಸಲಹೆಯೇ. ಮನೆಯವರು ಸಾಲ ಮಾಡಿ ಆಟೋ ಹಿಡಿದರು. ಅಲ್ಲಿ ಕಂಡುಬಂದದ್ದು ರಕ್ತಹೀನತೆ. ಎದೆಯಲ್ಲಿ ಏನೂ ಇರಲಿಲ್ಲ. ಕಬ್ಬಿಣದ ಮಾತ್ರೆ ಊರಿನ ದವಾಖಾನೆಯಲ್ಲಿಯೇ ಸಿಗುತ್ತಿತ್ತು.

ಇದು ಒಂದು ದಿನದ ಕೂಲಿ ಮತ್ತು ಆಟೋ ಬಾಡಿಗೆಯಲ್ಲಿ ಮುಗಿಯಿತು. ತಪ್ಪು ಇನ್ನೊಂದು ದಿಕ್ಕಿನಲ್ಲಿಯೂ ಆಗಬಹುದಾಗಿತ್ತು ಎಂಬುದು ನನ್ನನ್ನು ಕಾಡಿದ ಸಂಗತಿ. ನಿಜವಾಗಿಯೂ ಉಸಿರು ಸಾಲದ ನಮ್ಮ ಹಿರಿಯರು ‘ತೇಕು ಬರತೈತಿ’ ಎನ್ನುತ್ತಾರೆ. ಆ ಪದ ತಿಳಿಯದ ಮಗು ಅದನ್ನು ‘ನೀರಸಂ’ ಎಂದು, ಅಂದರೆ ಸುಸ್ತು ಎಂದು, ದಾಟಿಸಿದ್ದರೆ ವೈದ್ಯರು ಟಾನಿಕ್ ಬರೆದು ಮುಂದಿನ ರೋಗಿಯನ್ನು ಕರೆಯುತ್ತಿದ್ದರು.

ಟೆಲಿಮೆಡಿಸಿನ್ ಸೇವೆಗೆ ನಮ್ಮ ಆರೋಗ್ಯ ಕಾರ್ಯಕರ್ತರು ಎಷ್ಟರ ಮಟ್ಟಿಗೆ ಸಿದ್ಧರಾಗಿದ್ದಾರೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಟ್ಯಾಬ್, ಇಂಟರ್‌ನೆಟ್, ತರಬೇತಿ ಎಂಬ ಮೂರು ಅಳತೆಗೋಲುಗಳಿಂದ ಅಳೆಯಲಾಗುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ಕನ್ನಡ ಊರುಗಳಲ್ಲಿ ನಾಲ್ಕನೆಯದೊಂದು ಬೇಕು. ರೋಗಿಯ ಮಾತು ವೈದ್ಯರಿಗೆ ತಲುಪುತ್ತದೆಯೇ, ತಲುಪಿಸುವವರು ಯಾರು ಎಂಬುದು ಆ ಅಳತೆ. ಈಗ ಆ ಕೆಲಸವನ್ನು ಅನೇಕ ಕಡೆ ನಮ್ಮ ಶಾಲೆಯ ಮಕ್ಕಳು ಮಾಡುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ಅದು ‘ರಜೆ’ ಎಂದಷ್ಟೇ ದಾಖಲಾಗುತ್ತದೆ.

ಸೇವೆ ನಡೆಯುವ ಬಗೆ

ಇ-ಸಂಜೀವನಿ ಎಂಬ ರಾಷ್ಟ್ರೀಯ ಟೆಲಿಮೆಡಿಸಿನ್ ವ್ಯವಸ್ಥೆಯನ್ನು ಸಿ-ಡ್ಯಾಕ್ ಸಂಸ್ಥೆಯ ಮೊಹಾಲಿ ಕೇಂದ್ರ ರೂಪಿಸಿತು. ಉಪಕೇಂದ್ರದ ಸಿಬ್ಬಂದಿ ದೊಡ್ಡ ಆಸ್ಪತ್ರೆಯ ವೈದ್ಯರನ್ನು ಸಂಪರ್ಕಿಸುವ ವಿಭಾಗ 2019ರ ನವೆಂಬರ್‌ನಲ್ಲಿ ಆರಂಭವಾಯಿತು. ರೋಗಿಗಳು ಮನೆಯಿಂದಲೇ ವೈದ್ಯರನ್ನು ಕಾಣುವ ವಿಭಾಗ ಕೊರೊನಾ ಲಾಕ್‌ಡೌನ್ ನಡುವೆ, 2020ರ ಏಪ್ರಿಲ್ 13ರಂದು ಬಂತು. 2023ರ ಫೆಬ್ರವರಿಯ ವೇಳೆಗೆ ದೇಶದಾದ್ಯಂತ 10 ಕೋಟಿ ಸಮಾಲೋಚನೆಗಳು ನಡೆದಿವೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಪ್ರಕಟಿಸಿತು. ಹೆಚ್ಚು ಬಳಸಿದ ಹತ್ತು ರಾಜ್ಯಗಳಲ್ಲಿ ತೆಲಂಗಾಣವೂ ಇತ್ತು, ಕರ್ನಾಟಕವೂ ಇತ್ತು. ಸೇವೆ ಪಡೆದವರಲ್ಲಿ ಶೇ. 57ಕ್ಕೂ ಹೆಚ್ಚು ಮಂದಿ ಮಹಿಳೆಯರು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಗಡಿಭಾಗದ ಕನ್ನಡ ಮನೆಗಳಲ್ಲಿ ತೆಲುಗು ಬಾರದವರು ಹೆಚ್ಚಾಗಿ ಮಹಿಳೆಯರೇ. ಗಂಡಸರು ಸಂತೆ, ಕೂಲಿ, ಕಚೇರಿಗಳಲ್ಲಿ ತೆಲುಗು ಕಲಿಯುತ್ತಾರೆ. ರಾಯಚೂರು ಸೀಮೆಯಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಆ ಅವಕಾಶ ತಡವಾಗಿ ಸಿಗುತ್ತದೆ, ಕೆಲವರಿಗೆ ಸಿಗುವುದೇ ಇಲ್ಲ.

ತೆಲಂಗಾಣದಲ್ಲಿ ಉಪಕೇಂದ್ರಗಳನ್ನು ಪಲ್ಲೆ ದವಾಖಾನೆಗಳಾಗಿ ಮೇಲ್ದರ್ಜೆಗೇರಿಸಿ, ಅಲ್ಲಿಗೆ ಎಂಬಿಬಿಎಸ್, ಆಯುರ್ವೇದ ಅಥವಾ ನರ್ಸಿಂಗ್ ಓದಿದವರನ್ನು ನೇಮಿಸಲಾಗಿದೆ. ಜೊತೆಗೆ ಎಎನ್‌ಎಂ ಮತ್ತು ಆಶಾ ಕಾರ್ಯಕರ್ತೆಯರಿದ್ದಾರೆ. ರೋಗಿ ಬಂದಾಗ ಸಿಬ್ಬಂದಿ ಮೊಬೈಲ್ ಸಂಖ್ಯೆ ಹಾಕಿ ಹೆಸರು ನೋಂದಾಯಿಸಬೇಕು, ಆಭಾ ಸಂಖ್ಯೆ ಇದ್ದರೆ ಅದನ್ನೂ ಸೇರಿಸಬೇಕು, ಬಿಪಿ, ಸಕ್ಕರೆ, ತೂಕ ನಮೂದಿಸಬೇಕು, ರೋಗಲಕ್ಷಣವನ್ನು ಇಂಗ್ಲಿಷ್ ಪಟ್ಟಿಯಿಂದ ಆರಿಸಬೇಕು, ಹಳೆಯ ವರದಿಗಳ ಫೋಟೋ ಏರಿಸಬೇಕು, ಆಮೇಲೆ ಕೇಂದ್ರ ಆಸ್ಪತ್ರೆಯ ವೈದ್ಯರು ಪರದೆಗೆ ಬರುವವರೆಗೆ ಸರದಿಯಲ್ಲಿ ಕಾಯಬೇಕು. ವೈದ್ಯರ ಔಷಧಚೀಟಿ ಇಂಗ್ಲಿಷಿನಲ್ಲಿ ಬರುತ್ತದೆ. ಸಿಬ್ಬಂದಿ ಅದನ್ನು ತೆಲುಗಿನಲ್ಲಿ ವಿವರಿಸುತ್ತಾರೆ.

ನಮ್ಮ ಅಜ್ಜಿಯ ಮಾತು ಹೀಗೆ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಇಂಗ್ಲಿಷಿಗೆ ಹೋಗಿ, ಇಂಗ್ಲಿಷಿನಿಂದ ತೆಲುಗಿಗೆ, ಅಲ್ಲಿಂದ ಮತ್ತೆ ಕನ್ನಡಕ್ಕೆ ಮರಳುತ್ತದೆ. ನಾಲ್ಕು ದಾಟುಗಳಲ್ಲಿ ಎರಡನ್ನು ಹನ್ನೆರಡು ವರ್ಷದ ಹುಡುಗಿ ದಾಟಿಸುತ್ತಾಳೆ.

ಸಿಬ್ಬಂದಿಯ ಕೈಯಲ್ಲಿ ಏನಿದೆ

ನರ್ಸಮ್ಮನನ್ನು ದೂರುವುದು ಸುಲಭ. ಆದರೆ ಆಕೆಯ ದಿನಚರಿಯನ್ನು ಹತ್ತಿರದಿಂದ ಕಂಡವರಿಗೆ ದೂರುವ ಮನಸ್ಸು ಬಾರದು. ಲಸಿಕೆಗೆ ಯು-ವಿನ್, ಕ್ಷಯಕ್ಕೆ ನಿಕ್ಷಯ್, ಬಿಪಿ-ಸಕ್ಕರೆಗೆ ಎನ್‌ಸಿಡಿ, ಬಸುರಿ-ಬಾಣಂತಿಯರಿಗೆ ಆರ್‌ಸಿಎಚ್. ಒಂದೊಂದಕ್ಕೂ ಒಂದೊಂದು ಆ್ಯಪ್, ಒಂದೊಂದು ಗುರಿ, ಒಂದೊಂದು ವರದಿ. ಇವುಗಳ ಮೇಲೆ ಟೆಲಿ ಸಮಾಲೋಚನೆಗೂ ದಿನದ ಲೆಕ್ಕ ಕೇಳುವ ಪದ್ಧತಿ ಬಂದರೆ, ಅವಶ್ಯಕತೆ ಇಲ್ಲದ ರೋಗಿಯನ್ನೂ ಪರದೆಯ ಮುಂದೆ ಕೂರಿಸಿ ಸಂಖ್ಯೆ ತುಂಬಿಸುವ ಒತ್ತಡ ತಾನಾಗಿ ಹುಟ್ಟುತ್ತದೆ. ಶಾಲೆಗಳಲ್ಲಿ ನಾವು ಕಂಡಿರುವುದೂ ಇದನ್ನೇ: ಪಾಠ ನಡೆಯಿತೇ ಎಂಬುದಕ್ಕಿಂತ ಫೋಟೋ ಅಪ್‌ಲೋಡ್ ಆಯಿತೇ ಎಂಬುದು ದೊಡ್ಡದಾಗುತ್ತದೆ.

ಜಾಲ ಸಂಪರ್ಕದ ವಿಷಯದಲ್ಲಿ ಹೊಸ ಬೆಳವಣಿಗೆ ಇಲ್ಲವೆನ್ನಲಾಗದು. ತೆಲಂಗಾಣ ಸರ್ಕಾರದ ಟಿ-ಫೈಬರ್ ಯೋಜನೆ 2024ರ ಡಿಸೆಂಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಊರುಗಳಲ್ಲಿ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಒಂದು. ಆದರೆ ನದಿ ದಂಡೆಯ ಊರುಗಳಲ್ಲಿ ಮೊಬೈಲ್ ಸಂಕೇತದ ಕಥೆಯೇ ಬೇರೆ. ಮನೆಯ ಅಂಗಳದಲ್ಲಿ ನಿಂತ ಫೋನು ಆಚೆ ದಡದ ಟವರಿಗೆ ಹತ್ತಿಕೊಂಡು ಕರ್ನಾಟಕಕ್ಕೆ ಸ್ವಾಗತ ಎಂಬ ಸಂದೇಶ ಕಳಿಸುತ್ತದೆ. ಫೋನಿಗೆ ಸಿಗುವ ಈ ಸ್ವಾಗತ ಅದರ ಮುಂದೆ ಕುಳಿತ ರೋಗಿಗೆ ಸಿಗುವುದಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಎರಡೂ ಕಡೆ ನ್ಯಾಯ ನೋಡಿ ಹೇಳಬೇಕಾದ ಮಾತೊಂದಿದೆ. ಟೆಲಿಮೆಡಿಸಿನ್ ನಮ್ಮ ಭಾಗಕ್ಕೆ ಅನಗತ್ಯ ಅಲಂಕಾರವಲ್ಲ. ಬಿಪಿ ಮಾತ್ರೆಯ ಪ್ರಮಾಣ ಬದಲಾಯಿಸಲು, ಸಕ್ಕರೆ ಕಾಯಿಲೆಯವರ ತಿಂಗಳ ವಿಚಾರಣೆಗೆ, ಚರ್ಮದ ಕಾಯಿಲೆಯ ಫೋಟೋ ತೋರಿಸಲು ಮಹಬೂಬನಗರದವರೆಗೆ ಹೋಗಿ ಬರುವ ದಿನದ ಕೂಲಿ ಉಳಿಯುತ್ತದೆ. ನಾರಾಯಣಪೇಟೆ ಜಿಲ್ಲೆಯ ನರ್ವ ಮತ್ತು ಗದ್ವಾಲ ಜಿಲ್ಲೆಯ ಗಟ್ಟು, ಎರಡೂ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಬ್ಲಾಕ್‌ಗಳು; ಅಂದರೆ ಹಿಂದುಳಿದವು ಎಂದು ಅಧಿಕೃತವಾಗಿ ಒಪ್ಪಿಕೊಂಡ ಪ್ರದೇಶಗಳು. ಇಂತಲ್ಲಿ ತಜ್ಞರ ಮುಖ ಪರದೆಯ ಮೇಲಾದರೂ ಕಾಣುವುದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಡಿಜಿಟಲ್ ಆರೋಗ್ಯ ಮಾರ್ಗಸೂಚಿ ಹೇಳಿದ್ದೂ ಅದನ್ನೇ: ಮುಖಾಮುಖಿ ಚಿಕಿತ್ಸೆಗೆ ಪೂರಕವಾಗಿ ಟೆಲಿಮೆಡಿಸಿನ್ ಇರಲಿ, ಅದರ ಬದಲಿಯಾಗಿ ಅಲ್ಲ.

ಇಷ್ಟೆಲ್ಲ ಸಿದ್ಧತೆಯ ನಡುವೆ ಭಾಷೆಗೆ ಎಲ್ಲಿಯೂ ಸ್ಥಾನ ಸಿಗದಿರುವುದಕ್ಕೆ ಕಾರಣವಿದೆ. ಈ ವ್ಯವಸ್ಥೆಯ ವಿನ್ಯಾಸದಲ್ಲಿ ರಾಜ್ಯವೆಂದರೆ ಒಂದು ಭಾಷೆ ಎಂಬ ಊಹೆ ಅಡಗಿದೆ. ಕರ್ನಾಟಕದಲ್ಲಿ ಇಸ್ರೋ ಉಪಗ್ರಹದ ನೆರವಿನಿಂದ 2000ದ ದಶಕದ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದಾಗ ಎರಡೂ ತುದಿಗಳಲ್ಲಿ ಕನ್ನಡ ಬಲ್ಲವರಿರುವುದು ಸಹಜವಾಗಿತ್ತು. ಭಾಷೆಯ ಪ್ರಶ್ನೆ ಏಳಲು ಅಲ್ಲಿ ಆಸ್ಪದವೇ ಇರಲಿಲ್ಲ. ಆ ಮಾದರಿಯನ್ನು ಕೃಷ್ಣಾ ಮಂಡಲಕ್ಕೆ ತಂದಾಗ ಪ್ರಶ್ನೆ ಏಳುತ್ತದೆ.

ಪದಗಳ ಬಲೆ

ಕನ್ನಡ ಮತ್ತು ತೆಲುಗು ಅಕ್ಕತಂಗಿಯರ ಭಾಷೆಗಳು, ಹೇಗೋ ಅರ್ಥವಾಗುತ್ತದೆ ಎಂದು ಅಧಿಕಾರಿಗಳು ಹೇಳುವುದುಂಟು. ಅಪಾಯ ಇರುವುದೇ ಆ ‘ಹೇಗೋ’ ಎಂಬುದರಲ್ಲಿ. ಪೂರ್ತಿ ಬೇರೆಯಾದ ಪದ ಕಿವಿಗೆ ಬಿದ್ದರೆ ವೈದ್ಯರು ಮತ್ತೊಮ್ಮೆ ಕೇಳುತ್ತಾರೆ. ಒಂದೇ ರೂಪದ, ಬೇರೆ ಅರ್ಥದ ಪದ ಬಿದ್ದರೆ ಕೇಳುವುದಿಲ್ಲ, ಬರೆದುಕೊಳ್ಳುತ್ತಾರೆ.

ಆಯಾಸದ ಕಥೆ ಮೇಲೆ ಬಂತು. ಮೂರ್ಛೆ ಇನ್ನೊಂದು. ಬಿಸಿಲಿನಲ್ಲಿ ನಿಂತು ಎಚ್ಚರ ತಪ್ಪಿ ಬಿದ್ದ ಹುಡುಗನನ್ನು ನಾವು ಮೂರ್ಛೆ ಹೋದ ಎನ್ನುತ್ತೇವೆ. ತೆಲುಗಿನಲ್ಲಿ ಮೂರ್ಛ ಬಂದಿತೆಂದರೆ ಕೇಳುವವರ ಮನಸ್ಸು ಮೊದಲು ಹೋಗುವುದು ಫಿಟ್ಸ್ ಕಡೆಗೆ. ಎರಡಕ್ಕೂ ಚಿಕಿತ್ಸೆ ಬೇರೆ, ಔಷಧ ಬೇರೆ, ಮಗುವಿನ ಮೇಲೆ ಬೀಳುವ ಹಣೆಪಟ್ಟಿಯೂ ಬೇರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ ಎನ್ನಲು ತೆಲುಗಿನಲ್ಲಿ ‘ಪರಗಡುಪುನ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಏನನ್ನೂ ಹೇಳುವುದಿಲ್ಲ. ‘ರೆಂಡು ಪೂಟಲಾ’ ಎಂದರೆ ಎರಡು ಹೊತ್ತು ಎಂದು ತಿಳಿಯದವರು ಎರಡು ಮಾತ್ರೆ ಎಂದು ಹಿಡಿದುಕೊಳ್ಳಬಹುದು.

ಹೆಣ್ಣುಮಕ್ಕಳ ಕಾಯಿಲೆಗಳ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಬಿಳಿಸೆರಗು ಎನ್ನುವುದನ್ನು ತೆಲುಗಿನವರು ತೆಲ್ಲಬಟ್ಟ ಎನ್ನುತ್ತಾರೆ. ಬಿಳಿಸೆರಗನ್ನು ಪದಕ್ಕೆ ಪದ ತೆಲುಗಿಸಿದರೆ ಸೀರೆಯ ಬಿಳಿ ಅಂಚು ಎಂದಾಗುತ್ತದೆಯೇ ಹೊರತು ಕಾಯಿಲೆ ಎಂದಾಗುವುದಿಲ್ಲ. ಶಾಲೆಯ ತೆಲುಗು ಪಾಠದಲ್ಲಿ ಈ ಪದಗಳು ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ದುಭಾಷಿಯಾಗಿ ಕೂರುವ ಹುಡುಗಿಯ ಮುಂದೆ ತಾಯಿ, ಚಿಕ್ಕಮ್ಮ, ಪಕ್ಕದ ಮನೆಯ ಅತ್ತೆ ಇದನ್ನೆಲ್ಲ ಹೇಳಬೇಕಾಗುತ್ತದೆ. ಹಲವರು ಹೇಳುವುದಿಲ್ಲ. ಹೊಟ್ಟೆನೋವು ಎಂದಷ್ಟೇ ಹೇಳಿ ಎದ್ದು ಬರುತ್ತಾರೆ. ಹೇಳಿದರೂ ಆ ಮಗು ಊರಿನ ಅರ್ಧ ಮನೆಗಳ ಗುಟ್ಟನ್ನು ಹೊತ್ತುಕೊಂಡು ಶಾಲೆಗೆ ಬರುತ್ತದೆ. ಗಂಡುಮಗನೇ ದುಭಾಷಿಯಾದ ಮನೆಯಲ್ಲಿ ತಾಯಿ ಬಾಯಿ ತೆರೆಯುವ ಪ್ರಶ್ನೆಯೇ ಬಾರದು.

ಊರಿನ ಆಶಾ ಕಾರ್ಯಕರ್ತೆ ಇದ್ದಾರಲ್ಲ ಎನ್ನಬಹುದು. ನಿಜ, ನಮ್ಮ ಊರುಗಳಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲವರು ಹೆಚ್ಚಾಗಿ ಅವರೇ. ಅವರು ಇದ್ದ ದಿನ ಕೆಲಸ ಸಲೀಸಾಗಿ ನಡೆಯುತ್ತದೆ. ಆದರೆ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನದ ಮೇಲೆ ಬದುಕುವ ಆಶಾ ಅವರಿಗೆ ದುಭಾಷಿ ಕೆಲಸಕ್ಕೆಂದು ಗೊತ್ತುಪಡಿಸಿದ ಸಮಯವೂ ಇಲ್ಲ, ತರಬೇತಿಯೂ ಇಲ್ಲ. ಅವರು ಮನೆಭೇಟಿಗೆ ಹೊರಟ ದಿನ ಟ್ಯಾಬ್ ಮುಂದೆ ಮತ್ತೆ ನಮ್ಮ ವಿದ್ಯಾರ್ಥಿಯೇ.

ಒಪ್ಪಿಗೆ ಯಾವ ಭಾಷೆಯಲ್ಲಿ?

ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂದ 2020ರ ಮಾರ್ಚ್ 25ರಂದೇ ಟೆಲಿಮೆಡಿಸಿನ್ ವೃತ್ತಿಯ ಮಾರ್ಗಸೂಚಿಗಳೂ ಹೊರಬಂದವು. ಪೋಷಕರು ತಿಳಿದಿರಬೇಕಾದ ಮೂರು ಸಂಗತಿಗಳು ಅದರಲ್ಲಿವೆ. ತರಬೇತಿ ಪಡೆದ ಸಿಬ್ಬಂದಿಗೂ ಅವು ಅನೇಕ ಬಾರಿ ಮರೆತುಹೋಗಿರುತ್ತವೆ.

ಮೊದಲನೆಯದು ಒಪ್ಪಿಗೆ. ರೋಗಿ ತಾನೇ ಫೋನು ಮಾಡಿ ವೈದ್ಯರನ್ನು ಕೇಳಿದರೆ ಒಪ್ಪಿಗೆ ಇದೆಯೆಂದೇ ಭಾವಿಸಲಾಗುತ್ತದೆ. ಆದರೆ ಆರೋಗ್ಯ ಕಾರ್ಯಕರ್ತರು ಸಮಾಲೋಚನೆಯನ್ನು ಆರಂಭಿಸಿದರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು, ಅದು ದಾಖಲಾಗಬೇಕು. ಪಲ್ಲೆ ದವಾಖಾನೆಯಲ್ಲಿ ಆರಂಭಿಸುವವರು ಸಿಬ್ಬಂದಿಯೇ ಆದ್ದರಿಂದ ನಮ್ಮ ಜನರ ಮಟ್ಟಿಗೆ ಇದೇ ನಿಯಮ. ಟೆಲಿಮೆಡಿಸಿನ್‌ನಿಂದ ಆಗುವುದೇನು, ಆಗದಿರುವುದೇನು ಎಂದು ರೋಗಿಗೆ ವಿವರಿಸುವ ಹೊಣೆಯೂ ಆರೋಗ್ಯ ಕಾರ್ಯಕರ್ತರದೇ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಅಜ್ಜಿ ತಲೆಯಾಡಿಸಿದರೆ ಅದನ್ನು ಸ್ಪಷ್ಟ ಒಪ್ಪಿಗೆ ಎಂದು ಕರೆಯಲು ನನಗಂತೂ ಸಾಧ್ಯವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಜನರಿಗೆ ಇರಬೇಕೆನ್ನುತ್ತದೆ. ಸರ್ಕಾರಿ ಸೇವೆಗಳಿಗೆ ಆ ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಖಾಸಗಿ ಆ್ಯಪ್ ಕಂಪನಿಯಿಂದ ನಿರೀಕ್ಷಿಸುವಷ್ಟು ಸೌಜನ್ಯವನ್ನು ಸರ್ಕಾರಿ ದವಾಖಾನೆಯಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲ.

ಎರಡನೆಯದು ಮಕ್ಕಳದು. ಅಪ್ರಾಪ್ತ ವಯಸ್ಸಿನ ರೋಗಿಗೆ ಟೆಲಿ ಸಮಾಲೋಚನೆ ನಡೆಯಬೇಕಾದರೆ ಜೊತೆಯಲ್ಲಿ ವಯಸ್ಕರೊಬ್ಬರು ಇರಬೇಕು, ಅವರ ಗುರುತನ್ನು ಖಚಿತಪಡಿಸಿಕೊಳ್ಳಬೇಕು. ಜ್ವರ ಬಂದ ವಿದ್ಯಾರ್ಥಿಯನ್ನು ಒಬ್ಬನೇ ದವಾಖಾನೆಗೆ ಕಳಿಸಿ ‘ಡಾಕ್ಟರ್ ಕೂಡ ಮಾತಾಡಿ ಬಾ’ ಎನ್ನುವ ರೂಢಿ ನಮ್ಮ ಊರುಗಳಲ್ಲಿದೆ. ಅದು ಸಲ್ಲದು. ರೋಗಿಯಾಗಿ ಬಂದ ಮಗುವಿಗೇ ಹಿರಿಯರ ಆಸರೆ ಬೇಕೆಂದು ನಿಯಮವಿರುವಾಗ, ಹಿರಿಯರ ರೋಗವನ್ನು ವಿವರಿಸುವ ಹೊಣೆಯನ್ನು ಮಗುವಿನ ಹೆಗಲಿಗೆ ಹಾಕುವುದು ಎಂತಹ ವಿಪರ್ಯಾಸ!

ಮೂರನೆಯ ಸಂಗತಿ ಗಡಿಯ ಜನರಿಗೆ ಎಲ್ಲಕ್ಕಿಂತ ಮುಖ್ಯವಾದುದು. ನೋಂದಾಯಿತ ವೈದ್ಯರು ಭಾರತದ ಯಾವುದೇ ಭಾಗದ ರೋಗಿಗೆ ಟೆಲಿಮೆಡಿಸಿನ್ ಮೂಲಕ ಸಲಹೆ ಕೊಡಬಹುದು ಎಂದು ಮಾರ್ಗಸೂಚಿ ಹೇಳುತ್ತದೆ. ರಾಜ್ಯದ ಗಡಿ ಅಲ್ಲಿ ಅಡ್ಡಿಯಲ್ಲ. ರಾಯಚೂರಿನ ವೈದ್ಯರೊಬ್ಬರು ಕೃಷ್ಣಾ ಮಂಡಲದ ರೋಗಿಯನ್ನು ಪರದೆಯಲ್ಲಿ ನೋಡಿ ಕನ್ನಡದಲ್ಲಿಯೇ ವಿಚಾರಿಸಿ ಔಷಧ ಬರೆಯುವುದಕ್ಕೆ ಕಾನೂನಿನ ತೊಡಕಿಲ್ಲ. ತೊಡಕಿರುವುದು ಯಾವ ಉಪಕೇಂದ್ರ ಯಾವ ಆಸ್ಪತ್ರೆಗೆ ಜೋಡಣೆಯಾಗಬೇಕು ಎಂಬ ಆಡಳಿತದ ಪಟ್ಟಿಯಲ್ಲಿ. ಆ ಪಟ್ಟಿ ರಾಜ್ಯದೊಳಗೇ ಸುತ್ತುತ್ತದೆ.

ನದಿಯಾಚೆಯ ಆಸ್ಪತ್ರೆ

1956ರ ನವೆಂಬರ್ 1ರ ವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯವೇ ಆಗಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಈ ಎರಡು ತಾಲ್ಲೂಕುಗಳನ್ನು ಬಿಡಿಸಿ ಆಂಧ್ರಕ್ಕೆ ಕೊಡಲಾಯಿತು. ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು ಹೀಗೆಯೇ ಬಂದವು. ಜಿಲ್ಲಾ ಕೇಂದ್ರ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಆಸ್ಪತ್ರೆಯ ದಾರಿ ಮಾತ್ರ ಬದಲಾಗಲಿಲ್ಲ. ಕೃಷ್ಣಾ, ಗುಡೆಬಲ್ಲೂರು, ಹಿಂದೂಪುರದವರಿಗೆ ದೇವಸೂಗೂರಿನ ಸೇತುವೆ ದಾಟಿದರೆ ರಾಯಚೂರು ಹತ್ತಿರ. ಗಟ್ಟು, ಕೆ.ಟಿ. ದೊಡ್ಡಿ ಕಡೆಯವರೂ ರಾಯಚೂರಿನ ಬಸ್ ಹತ್ತುತ್ತಾರೆ. ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಜನ ‘ರಿಮ್ಸ್’ ಎನ್ನುವ ಆಸ್ಪತ್ರೆ, ಅವರ ಪಾಲಿಗೆ ಪರರಾಜ್ಯದ್ದಲ್ಲ. ಅಲ್ಲಿ ಹೊರರೋಗಿ ಚೀಟಿಯ ಸಾಲಿನಲ್ಲಿ ನಿಂತವರನ್ನು ಯಾರೂ ನಿನ್ನ ಭಾಷೆ ಯಾವುದು ಎಂದು ಕೇಳುವುದಿಲ್ಲ.

ರೋಗಿ ಬಸ್ಸಿನಲ್ಲಿ ಕುಳಿತು ಗಡಿ ದಾಟಬಹುದು; ಪರದೆಯ ಮೇಲಿನ ಅವನ ಮುಖ ದಾಟಲಾಗದು. ದೂರವನ್ನು ಇಲ್ಲವಾಗಿಸುವುದಕ್ಕಾಗಿಯೇ ಬಂದ ತಂತ್ರಜ್ಞಾನ, ಇಪ್ಪತ್ತೈದು ಕಿಲೋಮೀಟರಿನಾಚೆಯ ಕನ್ನಡ ವೈದ್ಯರನ್ನು ಬಿಟ್ಟು, ಅದಕ್ಕಿಂತ ಎಷ್ಟೋ ದೂರದ, ಮಾತು ಅರ್ಥವಾಗದ ವೈದ್ಯರಿಗೆ ಜೋಡಿಸುತ್ತಿದೆ. ರಿಮ್ಸ್‌ನಲ್ಲಿ ಪಡೆದ ಚಿಕಿತ್ಸೆಯ ಕಾಗದ ಪ್ಲಾಸ್ಟಿಕ್ ಚೀಲದಲ್ಲಿ ಉಳಿಯುತ್ತದೆ. ಪಲ್ಲೆ ದವಾಖಾನೆಯ ಟ್ಯಾಬಿಗೆ ಅದರ ಸುಳಿವಿರುವುದಿಲ್ಲ. ಹದಿನಾಲ್ಕು ಅಂಕೆಯ ಆಭಾ ಸಂಖ್ಯೆಯ ಉದ್ದೇಶವೇ ದೇಶದ ಯಾವ ಆಸ್ಪತ್ರೆಯ ದಾಖಲೆಯಾದರೂ ಒಂದೆಡೆ ಸಿಗಲಿ ಎಂಬುದು. ಅದನ್ನು ನಿಜಕ್ಕೂ ಪರೀಕ್ಷಿಸಬೇಕಾದ ಜಾಗವೆಂದರೆ ಇಂತಹ ಗಡಿ.

ಗಡಿಯನ್ನು ನಂಬಿ ಬದುಕುವ ರೋಗಿಗಳಿಗೆ ಗಡಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಕಾಸರಗೋಡಿನ ಕನ್ನಡಿಗರು ಕಂಡಿದ್ದಾರೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ಆ್ಯಂಬುಲೆನ್ಸ್‌ಗಳಲ್ಲಿಯೇ ಸಿಲುಕಿದರು. ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿವಾದ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವಾರದಲ್ಲಿ ಭಾರತದ ಯಾವ ವೈದ್ಯರಾದರೂ ಯಾವ ರೋಗಿಯನ್ನಾದರೂ ಪರದೆಯಲ್ಲಿ ನೋಡಬಹುದೆಂಬ ಮಾರ್ಗಸೂಚಿಯೂ ಬಂದಿತ್ತು. ಎದೆನೋವು, ಹೆರಿಗೆ ಪರದೆಯಲ್ಲಿ ಮುಗಿಯುವಂಥವಲ್ಲ, ನಿಜ. ಆದರೆ ದೀರ್ಘಕಾಲದ ಕಾಯಿಲೆಯವರಿಗೆ ತಮ್ಮ ಹಳೆಯ ವೈದ್ಯರೊಂದಿಗೆ ಮಾತನಾಡುವ ಸರ್ಕಾರಿ ದಾರಿಯೊಂದು ಗಡಿಯುದ್ದಕ್ಕೂ ಮೊದಲೇ ಸಿದ್ಧವಿರಬೇಕೆಂಬ ಪಾಠವನ್ನು ಆಗಲೇ ಕಲಿಯಬಹುದಿತ್ತು.

ಭಾಷೆಯನ್ನು ವಿನ್ಯಾಸದಲ್ಲಿಯೇ ಸೇರಿಸುವುದು ಅಸಾಧ್ಯವೇನಲ್ಲ. ಮಾನಸಿಕ ಆರೋಗ್ಯಕ್ಕಾಗಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ 14416ಕ್ಕೆ ಕರೆ ಮಾಡಿದವರು ಮೊದಲು ತಮ್ಮ ಭಾಷೆಯನ್ನು ಆರಿಸಿಕೊಳ್ಳುತ್ತಾರೆ. 20 ಭಾಷೆಗಳ ಈ ವ್ಯವಸ್ಥೆಯ ಉಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದು. ಮನಸ್ಸಿನ ನೋವನ್ನು ಹೇಳಲು ತಾಯ್ನುಡಿ ಬೇಕೆಂದು ಒಪ್ಪಿದ ಸರ್ಕಾರಕ್ಕೆ ಮೈನೋವಿನ ವಿಷಯದಲ್ಲಿಯೂ ಒಪ್ಪಿಸುವುದು ಕಷ್ಟವಾಗಬಾರದು.

ಕೇಳಬೇಕಾದುದೇನು

ದೊಡ್ಡ ಬೇಡಿಕೆಗಳನ್ನು ಇಟ್ಟು ವರ್ಷಗಟ್ಟಲೆ ಕಾಯುವುದರಲ್ಲಿ ನಮಗೆ ಸಾಕಷ್ಟು ಅನುಭವವಿದೆ. ಕನ್ನಡ ಮಾಧ್ಯಮದ ಪಠ್ಯಪುಸ್ತಕ, ಶಿಕ್ಷಕರ ಹುದ್ದೆಗಳ ವಿಷಯದಲ್ಲಿ ಪೋಷಕರು ಅದನ್ನು ಬಲ್ಲರು. ಇಲ್ಲಿ ಸಣ್ಣದರಿಂದ ಆರಂಭಿಸಬಹುದು. ಕೃಷ್ಣಾ, ಮಾಗನೂರು, ಗಟ್ಟು, ಕೆ.ಟಿ. ದೊಡ್ಡಿ ಮಂಡಲಗಳ ಕನ್ನಡ ಊರುಗಳ ಪಲ್ಲೆ ದವಾಖಾನೆಗಳಲ್ಲಿ ಎರಡು ಪುಟಗಳ ಕನ್ನಡ-ತೆಲುಗು ರೋಗಲಕ್ಷಣ ಪಟ್ಟಿ ಗೋಡೆಯ ಮೇಲಿರಲಿ. ಆಯಾಸ, ತೇಕು, ಮೂರ್ಛೆ, ಬಿಳಿಸೆರಗು, ಎರಡು ಹೊತ್ತು, ಖಾಲಿ ಹೊಟ್ಟೆ: ಒಂದು ಐವತ್ತು ಪದ ಸಾಕು. ಇದನ್ನು ಸಿದ್ಧಪಡಿಸಲು ಸರ್ಕಾರಿ ಆದೇಶವೂ ಬೇಡ. ನಮ್ಮ ಶಾಲೆಗಳ ಕನ್ನಡ ಮತ್ತು ತೆಲುಗು ಶಿಕ್ಷಕರು ಆಶಾ ಕಾರ್ಯಕರ್ತೆಯರ ಜೊತೆ ಒಂದು ಮಧ್ಯಾಹ್ನ ಕುಳಿತರೆ ಆಗುತ್ತದೆ. ಒಪ್ಪಿಗೆ ಕೇಳುವ ನಾಲ್ಕು ವಾಕ್ಯಗಳನ್ನು ಕನ್ನಡದಲ್ಲಿ ಧ್ವನಿಮುದ್ರಿಸಿ ಟ್ಯಾಬಿನಲ್ಲಿ ಇಡಬಹುದು.

ವಾರದಲ್ಲಿ ಎರಡು ದಿನ ಕನ್ನಡ ಬಲ್ಲ ವೈದ್ಯರೊಬ್ಬರು ಕೇಂದ್ರ ಆಸ್ಪತ್ರೆಯ ಪರದೆಗೆ ಬರುವಂತೆ ಸರದಿ ಹಾಕುವುದು ಜಿಲ್ಲಾ ವೈದ್ಯಾಧಿಕಾರಿಗಳ ಕೈಯಲ್ಲಿಯೇ ಇರುವ ಕೆಲಸ. ಆ ದಿನಗಳಂದು ಆಶಾ ಕಾರ್ಯಕರ್ತೆಯ ಹಾಜರಿ ಇರಲಿ, ಅದಕ್ಕೊಂದು ಪ್ರೋತ್ಸಾಹಧನವೂ ಇರಲಿ. ನಾರಾಯಣಪೇಟೆ ಮತ್ತು ಗದ್ವಾಲಗಳಲ್ಲಿ 2024ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾಗಿವೆ. ಎಂಬಿಬಿಎಸ್ ವಿದ್ಯಾರ್ಥಿಗಳ ಆರಂಭಿಕ ಫೌಂಡೇಶನ್ ಕೋರ್ಸಿನಲ್ಲಿ ಭಾಷಾ ಕಲಿಕೆಗೆ ಜಾಗವಿದೆ, ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ಗಮನಿಸುವ ಕಾರ್ಯಕ್ರಮವೂ ಇದೆ. ಈ ಎರಡು ಕಾಲೇಜುಗಳಲ್ಲಿ ಆ ಪಾಠ ತೆಲುಗಿನ ಜೊತೆಗೆ ಸ್ವಲ್ಪ ಕನ್ನಡವನ್ನೂ ಒಳಗೊಳ್ಳಲಿ ಎಂದು ಕೇಳುವುದರಲ್ಲಿ ಯಾರಿಗೂ ನಷ್ಟವಿಲ್ಲ. ಗಡಿ ಮಂಡಲಗಳ ದವಾಖಾನೆಗಳಿಗೆ ನೇಮಕ ಮಾಡುವಾಗ ಕನ್ನಡ ಬಲ್ಲವರಿಗೆ ಆದ್ಯತೆ ಕೊಟ್ಟರೆ, ನಮ್ಮ ಶಾಲೆಗಳಲ್ಲಿ ಓದಿ ನರ್ಸಿಂಗ್ ಸೇರಿದ ಹೆಣ್ಣುಮಕ್ಕಳು ಊರಿಗೆ ಮರಳುವ ದಾರಿಯೂ ತೆರೆಯುತ್ತದೆ. ಕನ್ನಡ ಓದಿ ಏನು ಸಿಗುತ್ತದೆ ಎಂದು ಕೇಳುವ ಪೋಷಕರಿಗೆ ನಾನು ತೋರಿಸಬಹುದಾದ ಕೆಲವೇ ಕೆಲವು ಉತ್ತರಗಳಲ್ಲಿ ಇದೊಂದು.

ರಿಮ್ಸ್ ಮತ್ತು ನಮ್ಮ ಉಪಕೇಂದ್ರಗಳ ಜೋಡಣೆ ಎರಡು ರಾಜ್ಯಗಳ ಒಪ್ಪಂದದ ವಿಷಯ, ಅದು ತಡವಾಗುತ್ತದೆ. ಆದರೂ ಕೇಳಿ ದಾಖಲಿಸಬೇಕು.

ಕೇಳುವ ದಾರಿಯೂ ಇದೆ. ಜಿಲ್ಲೆ ಅಥವಾ ಅದಕ್ಕಿಂತ ಚಿಕ್ಕ ಘಟಕದ ಜನಸಂಖ್ಯೆಯಲ್ಲಿ ಶೇ. 15ರಷ್ಟು ಜನ ಆಡುವ ಭಾಷೆಗೆ ಮುಖ್ಯ ಸೂಚನೆಗಳನ್ನು ಅನುವಾದಿಸಿ ಪ್ರಕಟಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿತವಾದ ರಾಷ್ಟ್ರೀಯ ರಕ್ಷಣೆಗಳಲ್ಲಿ ಒಂದು. ಇಡೀ ಜಿಲ್ಲೆಯ ಲೆಕ್ಕ ಹಿಡಿದರೆ ನಾವು ಸಣ್ಣ ಸಂಖ್ಯೆ. ಮಂಡಲದ, ಊರಿನ ಲೆಕ್ಕ ಹಿಡಿದರೆ ಚಿತ್ರ ಬೇರೆ. ಆದ್ದರಿಂದ ಬೇಡಿಕೆಯನ್ನು ಮಂಡಲದ ಮಟ್ಟದಲ್ಲಿಯೇ ಇಡಬೇಕು. ಪ್ರತಿ ಸೋಮವಾರ ಕಲೆಕ್ಟರೇಟಿನಲ್ಲಿ ಪ್ರಜಾವಾಣಿ ನಡೆಯುತ್ತದೆ. ಇದು ಬೆಂಗಳೂರಿನ ಪತ್ರಿಕೆಯಲ್ಲ, ನಮ್ಮ ಜಿಲ್ಲೆಗಳ ಕುಂದುಕೊರತೆಯ ಸಭೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ತೆಲುಗಿನಲ್ಲಿ ಬರೆಸಿಕೊಂಡು ಬಾ ಎಂದು ಮೇಜಿನ ಬಳಿ ಯಾರಾದರೂ ಹೇಳಿದರೆ ಆ ವಿಧಿಯ ಸಂಖ್ಯೆಯನ್ನು ಮನವಿಯ ಮೊದಲ ಸಾಲಿನಲ್ಲಿಯೇ ಬರೆದಿರುವುದನ್ನು ತೋರಿಸಿ. ಶಾಲೆಯ ಅಮ್ಮ ಆದರ್ಶ ಪಾಠಶಾಲಾ ಸಮಿತಿಯ ತಾಯಂದಿರು ಸಹಿ ಹಾಕಿದ ಮನವಿಗೆ ತೂಕ ಹೆಚ್ಚು; ಟ್ಯಾಬ್ ಮುಂದೆ ಮಾತು ಸಿಗದೆ ಕುಳಿತವರು ಅವರೇ.

ಸಹಿ ಪಡೆದ ಪ್ರತಿಯೊಂದನ್ನು ಕಡ್ಡಾಯವಾಗಿ ಇಟ್ಟುಕೊಳ್ಳಿ, ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಮನವಿಯ ಜೊತೆಗೆ ಕಳೆದ ಮೂರು ತಿಂಗಳಲ್ಲಿ ದವಾಖಾನೆಯ ದುಭಾಷಿ ಕೆಲಸಕ್ಕಾಗಿ ಮಕ್ಕಳು ಹಾಕಿದ ರಜೆಗಳ ಲೆಕ್ಕವನ್ನು, ಯಾವ ಮಗುವಿನ ಹೆಸರೂ ಬರೆಯದೆ, ಶಾಲೆಯಿಂದ ಪಡೆದು ಲಗತ್ತಿಸಬಹುದು. ನನ್ನ ತರಗತಿಯ ಲೆಕ್ಕವನ್ನು ತೆಗೆಯಲು ಆರಂಭಿಸಿದ್ದೇನೆ. ಆ ಹುಡುಗಿ ಈ ವಾರ ಮತ್ತೊಂದು ಅರ್ಜಿ ತಂದಿದ್ದಾಳೆ. ಈ ಸಲ ಪಕ್ಕದ ಮನೆಯ ಚಿಕ್ಕಮ್ಮನಿಗಾಗಿ.